ಹೊಳೆ ಆಚೆಯ ಅತ್ತೆ ಮನೆ: ನಮ್ಮ ದಂಡೆಯ ಸಣ್ಣ ಊರುಗಳ ಕಥೆ ಗೊತ್ತಿದ್ದವರು ಹೇಳಿ

ಹೊಳೆಸಾಲು (ಶನಿವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಾನಿರುವುದು ಹುಬ್ಬಳ್ಳಿಯಲ್ಲಿ. ಊರು ಹಾವೇರಿ ಜಿಲ್ಲೆ, ಗುತ್ತಲದಿಂದ ತುಂಗಭದ್ರೆ ಕಡೆಗೆ ಇಳಿದರೆ ಸಿಗುವ ಒಂದು ಸಣ್ಣ ಹಳ್ಳಿ. ಹೆಸರು ಬೇಡ, ಚೌಡದಾನಪುರದ ಅಕ್ಕಪಕ್ಕ ಅಂದುಕೊಳ್ಳಿ. ಒಂದು ಶಾಲೆ, ಒಂದು ಹನುಮಪ್ಪನ ಗುಡಿ, ಎರಡು ಚಹಾದಂಗಡಿ. ಅದರಲ್ಲೂ ಒಂದು ಸದಾ ಮುಚ್ಚಿರುತ್ತದೆ.

ನಮ್ಮ ಸೋದರತ್ತೆಯನ್ನು ಕೊಟ್ಟಿದ್ದು ಆಚೆ ದಂಡೆಗೆ, ಹಡಗಲಿ ತಾಲೂಕಿಗೆ. ನಮ್ಮೂರ ಹೊಳೆ ಮೆಟ್ಟಿಲ ಮೇಲೆ ನಿಂತರೆ ಅವರ ಊರ ಗುಡಿಯ ಶಿಖರ ಕಾಣುತ್ತದೆ, ಬಣವೆ ಕಾಣುತ್ತವೆ, ಸಂಜೆ ಧ್ವನಿವರ್ಧಕದ ಹಾಡೂ ಕೇಳುತ್ತದೆ. ಅತ್ತೆಗೆ ಆರಾಮಿಲ್ಲ ಅಂತ ಮೊನ್ನೆ ಹೊರಟೆ. ಮೊಬೈಲ್ ಮ್ಯಾಪಿನಲ್ಲಿ ದಾರಿ ಕೇಳಿದರೆ ಅದು ನನ್ನನ್ನು ಹೊಳೆಗೆ ಬೆನ್ನು ಹಾಕಿಸಿ ಕಳಿಸಿತು! ಮುಖ್ಯ ರಸ್ತೆಗೆ ಬಂದು, ಸೇತುವೆ ಹತ್ತಿ, ಮತ್ತೆ ಹೊಲದ ದಾರಿ ಹಿಡಿದು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಊಟದ ಹೊತ್ತಾಗಿತ್ತು. ಮಂಚದ ಮೇಲೆ ಮಲಗಿದ್ದ ಅತ್ತೆ ಕೇಳಿದ ಮೊದಲ ಮಾತು: "ಯಾಕ, ಹರಿಗೋಲು ಬಿಟ್ಟಿಲ್ಲೇನು?"

ಹರಿಗೋಲು ನಿಂತು ಎಷ್ಟೋ ವರ್ಷ ಆಯಿತು. ಅದು ಅತ್ತೆಗೆ ಗೊತ್ತಿಲ್ಲ ಅಂತಲ್ಲ, ಮರೆತಿದ್ದಾರೆ ಅಷ್ಟೇ. ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು. ಈ ದಂಡೆಯ ಊರುಗಳು ಎಷ್ಟು ಹಳೆಯವು? ಯಾಕೆ ಅಲ್ಲೇ ಹುಟ್ಟಿದವು? ಹೊಳೆ ಅಂದರೆ ಊರಿನ ಕೊನೆ ಅಂತ ಈಗ ನನ್ನ ಮಗಳು ತಿಳಿದುಕೊಂಡಿದ್ದಾಳೆ. ನಾನು ಚಿಕ್ಕವನಿದ್ದಾಗ ಹಾಗಿರಲಿಲ್ಲ. ಗೊತ್ತಿದ್ದವರು ಬರೆಯಿರಿ. ದೊಡ್ಡ ಇತಿಹಾಸವೇ ಆಗಬೇಕಿಲ್ಲ, ಮನೆಯ ಮಾತೂ ಆದೀತು.

ರಾಣೆಬೆನ್ನೂರ ಗಾಳಿ (ಶನಿವಾರ ರಾತ್ರಿ)

ಮ್ಯಾಪಿಗೆ ಈಜು ಬರುವುದಿಲ್ಲ ಬಿಡ್ರಿ.

ಗುತ್ತಲ ಮಾಸ್ತರ (ಭಾನುವಾರ ಬೆಳಿಗ್ಗೆ)

ಮಾಸ್ತರಿಕೆ ಬಿಟ್ಟು ಬಹಳ ವರ್ಷ ಆಯಿತು, ಆದರೂ ಪ್ರಶ್ನೆ ಕಂಡರೆ ಕೈ ಸುಮ್ಮನಿರುವುದಿಲ್ಲ.

ಮೊದಲು ಊರು ಹುಟ್ಟಿತು, ಆಮೇಲೆ ಜನ ಹೊಳೆ ದಾಟಲು ಶುರು ಮಾಡಿದರು ಅಂತ ನಾವು ತಿಳಿದಿರುತ್ತೇವೆ. ನನಗೆ ಅನಿಸುವುದು ಉಲ್ಟಾ. ಎಲ್ಲಿ ದಂಡೆ ಗಟ್ಟಿ ಇತ್ತೋ, ಎಲ್ಲಿ ದನ ಇಳಿಸಲು ಇಳಿಜಾರು ಸಿಕ್ಕಿತೋ ಅಲ್ಲಿ ಅಂಬಿಗ ಕೂತ. ಅಂಬಿಗ ಇದ್ದಲ್ಲಿ ದಾರಿ ಬಂದು ಸೇರಿತು. ದಾರಿ ಬಂದಲ್ಲಿ ಗುಡಿ, ಸಂತೆ, ಅರಸನ ಕಣ್ಣು, ಎಲ್ಲ ಬಂದವು. ಚೌಡದಾನಪುರ ಇವತ್ತಿಗೂ ಸಣ್ಣ ಊರೇ. ಆದರೆ ಅಲ್ಲಿಯ ಮುಕ್ತೇಶ್ವರ ಗುಡಿ ನೋಡಿದರೆ ಇಷ್ಟು ಸಣ್ಣ ಊರಿಗೆ ಇಂಥ ಗುಡಿ ಯಾಕೆ ಅನಿಸದೆ ಇರುವುದಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಕೆಲಸ, ಬಳಪದ ಕಲ್ಲು, ಹೊಳೆಗೆ ಮುಖ ಮಾಡಿ ನಿಂತಿದೆ. ಅಲ್ಲಿ ಏಳು ಶಾಸನಗಳಿವೆ. ಎತ್ತರದ ಕಲ್ಲಿನ ಮೇಲೆ ಉದ್ದಕ್ಕೆ ಕೆತ್ತಿದ ಹಳಗನ್ನಡ. ಲೆಕ್ಕದ ಬರಹ ಅಲ್ಲ, ಕಾವ್ಯದ ಹಾಗೆ ಬರೆದದ್ದು.

ಆ ಶಾಸನಗಳಲ್ಲಿ ಬರುವವರು ಗುತ್ತ ಅರಸರು. ನಮ್ಮ ಗುತ್ತಲವೇ ಅವರ ರಾಜಧಾನಿ, ಹಳೆಯ ಹೆಸರು ಗುತ್ತವೊಳಲ್. ತಾವು ಉಜ್ಜಯಿನಿಯ ಚಂದ್ರಗುಪ್ತ, ವಿಕ್ರಮಾದಿತ್ಯರ ವಂಶ ಅಂತ ಹೇಳಿಕೊಂಡರು. ಮೊದಲು ಕಲ್ಯಾಣ ಚಾಲುಕ್ಯರ ಕೈಕೆಳಗೆ, ಆಮೇಲೆ ದೇವಗಿರಿಯ ಸೇವುಣರ ಕೈಕೆಳಗೆ ಇದ್ದರು. ಗುತ್ತಲದ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಇದು ರಾಜಧಾನಿ" ಅಂದರೆ ಹುಡುಗರು ನಗುತ್ತಾರೆ. ನಗಲಿ.

ಅದೇ ಶಾಸನಗಳಲ್ಲಿ ಇಬ್ಬರು ಗುರುಗಳೂ ಬರುತ್ತಾರೆ. ಮುಕ್ತಜೀಯರು ಲಾಕುಳ ಶೈವರು, ಅಂದರೆ ಹಳೆಯ ಒಂದು ಶೈವ ಪಂಥದವರು, ಶಿವದೇವರು ವೀರಶೈವರು. ಶಿವದೇವರು ಊರಿಗೆ ಬಂದ ದಿನವೂ ದಾಖಲಾಗಿದೆ, 1225ರ ಆಗಸ್ಟ್ 19. ಆಗಸ್ಟ್ ಅಂದರೆ ನಮ್ಮಲ್ಲಿ ಹೊಳೆ ದಂಡೆ ಕಡಿಯುವ ಕಾಲ. ಅವರು ಆಚೆಯಿಂದ ಬಂದರೋ ಈಚೆಯಿಂದಲೋ ನಾನು ಹೇಳಲಾರೆ. ಆಚೆಯಿಂದ ಬಂದಿದ್ದರೆ ಅಂಬಿಗನ ಧೈರ್ಯವೂ ಆ ದಿನದ ಲೆಕ್ಕದಲ್ಲಿ ಸೇರಬೇಕಿತ್ತು.

ಅದರ ಹಿಂದಿನ ವರ್ಷ, 1224ರಲ್ಲಿ, ಮೇಲೆ ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಹರಿಹರೇಶ್ವರ ಗುಡಿ ಕಟ್ಟಿಸಿ ಮುಗಿಸಿದ್ದ. ಅಂದರೆ ಅಲ್ಲಿ ಹೊಯ್ಸಳರು, ಇಲ್ಲಿ ಸೇವುಣರ ಕಡೆಯ ಗುತ್ತರು. ಎರಡು ದೊಡ್ಡ ರಾಜ್ಯಗಳ ಗಡಿ ಆಗಲೂ ಈ ಹೊಳೆಯ ಆಸುಪಾಸಿನಲ್ಲೇ ಓಡಾಡುತ್ತಿತ್ತು.

ಇನ್ನೂ ಹಳೆಯದು ಬೇಕೆಂದರೆ ಆಚೆ ದಂಡೆಯ ಕುರುವತ್ತಿಗೆ ಹೋಗಿ. ಚಾಲುಕ್ಯ ಚಕ್ರವರ್ತಿ ಒಂದನೇ ಸೋಮೇಶ್ವರ, ಆಹವಮಲ್ಲ ಅಂತ ಬಿರುದು, ವಾಸಿಯಾಗದ ಕಾಯಿಲೆಗೆ ಬೇಸತ್ತು 1068ರ ಮಾರ್ಚಿನಲ್ಲಿ ಅಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಅದಕ್ಕೆ ಪರಮಯೋಗ ಅನ್ನುತ್ತಾರೆ. ನನ್ನ ತಲೆಯಲ್ಲಿ ಉಳಿದದ್ದು ತಿಂಗಳು. ಮಾರ್ಚ್! ಈಗ ಮಾರ್ಚಿನಲ್ಲಿ ಅಲ್ಲಿ ಬಹಳ ಕಡೆ ಮೊಣಕಾಲು ನೀರು. ಚಕ್ರವರ್ತಿ ಮುಳುಗಬೇಕಾದರೆ ಆಗ ಆಳವಾದ ಮಡು ಇರಲೇಬೇಕು, ಅಲ್ವಾ?

ವಚನದ ಹುಚ್ಚ (ಭಾನುವಾರ ಬೆಳಿಗ್ಗೆ)

ಮಾಸ್ತರ್ರೇ, ಚೌಡಯ್ಯನ ಹೆಸರೇ ಎತ್ತಲಿಲ್ಲ ನೀವು! ಚೌಡದಾನಪುರ ಅಂದರೆ ಚೌಡಯ್ಯ ದಾನಪುರ. ಗುತ್ತ ಅರಸ ಅಂಬಿಗರ ಚೌಡಯ್ಯನಿಗೆ ಈ ಊರು ಕೊಟ್ಟ, ಚೌಡಯ್ಯ ಅದನ್ನು ತನ್ನ ಗುರು ಶಿವದೇವರಿಗೆ ದಾನ ಮಾಡಿದ. ಹೊಳೆ ದಂಡೆಯಲ್ಲಿ ಗದ್ದುಗೆ ಇದೆ. ನರಸೀಪುರದಲ್ಲಿ ಗುರುಪೀಠ ಇದೆ, ಜನವರಿಯಲ್ಲಿ ಎಷ್ಟು ಜನ ಸೇರುತ್ತಾರೆ ನೋಡಿದ್ದೀರಲ್ಲ.

ಗುತ್ತಲ ಮಾಸ್ತರ (ಭಾನುವಾರ ಮಧ್ಯಾಹ್ನ)

ಬೇಕೆಂದೇ ಬಿಟ್ಟೆ ತಮ್ಮಾ, ನೀನು ಎತ್ತಲಿ ಅಂತ. ಕಥೆ ನಾನೂ ಕೇಳುತ್ತಲೇ ಬೆಳೆದವನು. ಒಂದೇ ತೊಡಕು. ಚೌಡಯ್ಯ ಬಸವಣ್ಣನ ಕಾಲದವನು, ಅಂದರೆ 12ನೇ ಶತಮಾನದ ನಡುವಿನವನು. ಶಿವದೇವರು ಬಂದದ್ದು 1225. ಹೆಚ್ಚುಕಡಿಮೆ 60 ವರ್ಷದ ಅಂತರ. ಬಸವಣ್ಣನ ಕಾಲಕ್ಕೆ ಚೌಡಯ್ಯನಿಗೆ ಮೂವತ್ತು ಅಂದುಕೊಂಡರೂ ದಾನದ ಹೊತ್ತಿಗೆ ತೊಂಬತ್ತು. ಆಗಬಾರದು ಅಂತೇನಿಲ್ಲ. ಆದರೆ ನಾನು ಹತ್ತನೇ ಇಯತ್ತೆಯ ಹುಡುಗರಿಗೆ ಹೀಗೆ ಅಂತ ಗಟ್ಟಿಯಾಗಿ ಹೇಳಲಿಲ್ಲ, ಊರಿನ ಮಾತು ಅಂತ ಹೇಳಿದೆ.

ಊರಿನ ಮಾತಿಗೂ ಬೆಲೆ ಇದೆ. ಕರ್ನಾಟಕದಲ್ಲಿ ಎಷ್ಟು ಊರುಗಳಿಗೆ ಒಬ್ಬ ಅಂಬಿಗನ ಹೆಸರಿದೆ ಹೇಳು? ಅರಸರ ಹೆಸರಿನ ಊರು ಬುಟ್ಟಿಗಟ್ಟಲೆ ಸಿಗುತ್ತವೆ. ತನ್ನ ವಚನಗಳಿಗೆ ದೇವರ ಹೆಸರು ಬಿಟ್ಟು ತನ್ನದೇ ಹೆಸರನ್ನು ಅಂಕಿತ ಮಾಡಿಕೊಂಡವನು ಅವನು. ಊರೂ ಅವನ ಹೆಸರಿನದೇ ಆಯಿತು.

ಆಚೆದಂಡೆ (ಭಾನುವಾರ ಸಂಜೆ)

ನಾನು ಹೊಳೆಸಾಲು ಅವರ ಅತ್ತೆ ಕಡೆಯವನು, ಅಂದರೆ ಹಡಗಲಿ ತಾಲೂಕು. ನಮ್ಮ ದಂಡೆಯ ಮಾತೂ ಸ್ವಲ್ಪ ಕೇಳಿ.

ನಮ್ಮ ಅಜ್ಜ ಹುಟ್ಟಿದ್ದು ಮದ್ರಾಸ್ ಪ್ರಾಂತದಲ್ಲಿ. ನಮ್ಮ ಅಜ್ಜಿ ಹುಟ್ಟಿದ್ದು ಮುಂಬಯಿ ಪ್ರಾಂತದಲ್ಲಿ. ಅಜ್ಜಿ ಅಜ್ಜನ ನಡುವೆ ಇದ್ದದ್ದು ಬರೀ ಹೊಳೆ. ಬಳ್ಳಾರಿ ಜಿಲ್ಲೆ ಮದ್ರಾಸಿಗೆ, ಧಾರವಾಡ ಜಿಲ್ಲೆ ಮುಂಬಯಿಗೆ, ಸ್ವಲ್ಪ ಮೇಲೆ ಹೋದರೆ ಹರಿಹರ ಮೈಸೂರು ಅರಸರಿಗೆ. ಇಷ್ಟು ಹತ್ತಿರದಲ್ಲಿ ಮೂರು ಸರಕಾರ. ಊರ ಲೆಕ್ಕ ಬರೆಯುವವನು ನಿಮ್ಮಲ್ಲಿ ಕುಲಕರ್ಣಿ, ನಮ್ಮಲ್ಲಿ ಕರಣಂ, ಹರಿಹರದಲ್ಲಿ ಶಾನುಭೋಗ. ಮೂವರೂ ಅದೇ ಕೆಲಸ, ಅದೇ ಕಿರಿಕಿರಿ.

1953ರ ಅಕ್ಟೋಬರಿನಲ್ಲಿ ನಾವು ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದೆವು. ನೀವು ಬಂದದ್ದು 1956ರ ನವೆಂಬರಿನಲ್ಲಿ. ನಡುವಿನ ಮೂರು ವರ್ಷ ನಮ್ಮದು ಮೈಸೂರು, ನಿಮ್ಮದು ಮುಂಬಯಿ. ಆಮೇಲೆ ಎಲ್ಲ ಒಂದೇ. 1997ರಲ್ಲಿ ನೀವು ಧಾರವಾಡ ಬಿಟ್ಟು ಹಾವೇರಿ ಜಿಲ್ಲೆ ಆದಿರಿ. 2021ರಲ್ಲಿ ನಾವು ಬಳ್ಳಾರಿ ಬಿಟ್ಟು ವಿಜಯನಗರ ಜಿಲ್ಲೆ ಆದೆವು. ಪಕ್ಕದ ಹರಪನಹಳ್ಳಿಯವರ ಪಾಡು ಇನ್ನೂ ತಮಾಷೆ: ಬಳ್ಳಾರಿ, ಆಮೇಲೆ ದಾವಣಗೆರೆ, ತಿರುಗಿ ಬಳ್ಳಾರಿ, ಈಗ ವಿಜಯನಗರ. ಮನೆ ಕದಲಿಲ್ಲ, ವಿಳಾಸ ಮಾತ್ರ ಊರೂರು ಸುತ್ತಿತು.

ಹಳೆಯ ಗಡಿ ಎಲ್ಲಿ ಉಳಿದಿದೆ ಗೊತ್ತಾ? ಹೊಲದ ಲೆಕ್ಕದಲ್ಲಿ. ನಿಮ್ಮದು ಎಕರೆ, ಗುಂಟೆ. ನಮ್ಮದು ಎಕರೆ, ಸೆಂಟ್ಸ್. ಎಕರೆಗೆ ನಿಮಗೆ 40, ನಮಗೆ 100. ನಮ್ಮ ಮಾವ ನಿಮ್ಮ ದಂಡೆಯವರು. ಆಸ್ತಿ ಪಾಲಿನ ಮಾತು ಬಂದಾಗ "ಹತ್ತು ಗುಂಟೆ ಅಂತ ಮಾತಾಗಿತ್ತು" ಅಂತ ಅವರು, "ಹತ್ತು ಸೆಂಟ್ಸ್" ಅಂತ ನಮ್ಮ ದೊಡ್ಡಪ್ಪ. ಹತ್ತು ಸೆಂಟ್ಸ್ ಅಂದರೆ ನಾಲ್ಕೇ ಗುಂಟೆ! ಆ ಜಗಳ ಬಗೆಹರಿಯುವಷ್ಟರಲ್ಲಿ ಇಬ್ಬರೂ ತೀರಿಕೊಂಡಿದ್ದರು.

ಎರಡು ಸರಕಾರ ಇದ್ದಾಗ ದಿನಕ್ಕೆ ಎಷ್ಟೋ ಸಲ ಜನ ಆಚೆ ಈಚೆ ಮಾಡುತ್ತಿದ್ದರು. ಈಗ ಒಂದೇ ಸರಕಾರ, ಆಚೆ ಊರಿನ ಹುಡುಗರ ಹೆಸರೂ ನಮಗೆ ಗೊತ್ತಿಲ್ಲ.

ಹೊಳೆಸಾಲು (ಭಾನುವಾರ ರಾತ್ರಿ)

ಅಣ್ಣಾ, ಈ ಗುಂಟೆ ಸೆಂಟ್ಸ್ ಜಗಳ ನಮ್ಮ ಮನೆಯಲ್ಲೂ ಆಗಿದೆ, ಇಷ್ಟು ದಿನ ಯಾಕೆ ಅಂತಲೇ ತಿಳಿದಿರಲಿಲ್ಲ.

ಅಂಬಿಗರ ಮನೆತನದವರು ಯಾರಾದರೂ ಈ ವೇದಿಕೆಯಲ್ಲಿ ಇದ್ದೀರಾ?

ಬಾರಕೇರ ಓಣಿ (ಸೋಮವಾರ ಬೆಳಿಗ್ಗೆ)

ಇದ್ದೇವೆ. ನಾನು ಟೈಪ್ ಮಾಡುವುದು ನಿಧಾನ, ಸಹಿಸಿಕೊಳ್ಳಿ.

ನಮ್ಮಪ್ಪ ಹರಿಗೋಲು ಹಾಕುತ್ತಿದ್ದರು, ಅವರಪ್ಪನೂ ಅದೇ. ನಾನು ಹತ್ತೊಂಬತ್ತು ವರ್ಷದವನಾಗುವವರೆಗೆ ಹುಟ್ಟು ಹಿಡಿದಿದ್ದೇನೆ. ಈಗ ರಾಣೆಬೆನ್ನೂರಿನಲ್ಲಿ ಗೂಡ್ಸ್ ಗಾಡಿ ಓಡಿಸುತ್ತೇನೆ.

ಹರಿಗೋಲು ಅಂದರೆ ದೊಡ್ಡ ಬಿದಿರಿನ ಬುಟ್ಟಿ. ಬಿದಿರು ಸೀಳಿ ನೆಲದ ಮೇಲೆ ಚಾಪೆ ಹೆಣೆದ ಹಾಗೆ ಹೆಣೆದು, ಅಂಚು ಎತ್ತಿ ಸುತ್ತ ಕಟ್ಟುವುದು. ಅಜ್ಜನ ಕಾಲಕ್ಕೆ ಹೊರಗೆ ಎಮ್ಮೆ ತೊಗಲು ಹೊಲಿಯುತ್ತಿದ್ದರು. ತೊಗಲು ಬಹಳ ಹೊತ್ತು ನೀರಿನಲ್ಲಿದ್ದರೆ ಮೆತ್ತಗಾಗುತ್ತದೆ, ಅದಕ್ಕೆ ಆಗಾಗ ದಂಡೆಗೆ ಎಳೆದು ಬೋರಲು ಹಾಕಿ ಒಣಗಿಸಬೇಕು. ನನ್ನ ಕಾಲಕ್ಕೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊಲಿದು ಮೇಲೆ ಡಾಂಬರು ಬಳಿಯುವುದು ಬಂತು. ಬೇಸಿಗೆಯಲ್ಲಿ ಕೂತವರ ಪಂಚೆಗೆ ಡಾಂಬರು ಹತ್ತಿ ಬೈಸಿಕೊಳ್ಳುತ್ತಿದ್ದೆವು.

ಇದಕ್ಕೆ ಮುಂದು ಹಿಂದು ಇಲ್ಲ. ದೋಣಿಯ ಹಾಗೆ ಪಕ್ಕದಲ್ಲಿ ಹುಟ್ಟು ಹಾಕಿದರೆ ಗಿರಗಿರ ತಿರುಗುತ್ತದೆ, ಮುಂದೆ ಹೋಗುವುದಿಲ್ಲ. ಹೋಗಬೇಕಾದ ಕಡೆಗೆ ಮುಖ ಮಾಡಿ, ಹುಟ್ಟನ್ನು ಎದುರಿಗೆ ಚಾಚಿ, ನೀರನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಸೊಂಟದಿಂದ ಬರಬೇಕು, ಬರೀ ರಟ್ಟೆಯಿಂದ ಆದರೆ ಎರಡು ಖೇಪಿಗೆ ಸುಸ್ತು.

ಇನ್ನೊಂದು. ಎದುರಿನ ಊರಿಗೆ ಹೋಗಬೇಕೆಂದರೆ ನೇರ ಎದುರಿಗೆ ಹೊರಡುವುದಿಲ್ಲ. ಹೊಳೆ ತುಂಬಿದ್ದರೆ ಮೊದಲು ಬುಟ್ಟಿಯನ್ನು ದಂಡೆಗುಂಟ ಮೇಲಕ್ಕೆ ಎಳೆದುಕೊಂಡು ಹೋಗಬೇಕು. ಎಷ್ಟು ದೂರ ಅಂತ ನೀರು ನೋಡಿ ಅಪ್ಪ ಹೇಳುತ್ತಿದ್ದರು. ಆ ಜಾಲಿ ಗಿಡದ ತನಕ, ಈ ಕಲ್ಲಿನ ತನಕ. ಅಲ್ಲಿಂದ ಬಿಟ್ಟರೆ ನೀರು ಓರೆಯಾಗಿ ಒಯ್ದು ಸರಿಯಾಗಿ ಆಚೆ ಮೆಟ್ಟಿಲಿಗೆ ಮುಟ್ಟಿಸುತ್ತಿತ್ತು. ಒಂದು ಗಿಡ ತಪ್ಪಿದರೆ ಇಳಿಯುವುದು ಅರ್ಧ ಮೈಲಿ ಕೆಳಗೆ, ಯಾರದೋ ಕಬ್ಬಿನ ಹೊಲದಲ್ಲಿ.

ದುಡ್ಡು? ಊರವರ ಹತ್ತಿರ ಕೈಗೆ ಕಾಸು ತೆಗೆದುಕೊಳ್ಳುವಂತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಆಯ ಅಂತ ಜೋಳ ಹಾಕುತ್ತಿದ್ದರು. ಎರಡೂ ದಂಡೆಯವರು ಹಾಕುತ್ತಿದ್ದರು. ಪರ ಊರಿನವರು ಮಾತ್ರ ಕಾಸು ಕೊಡುವುದು. ನೀವೆಲ್ಲ ನೌಕರಿಗೆ ಊರು ಬಿಟ್ಟ ಮೇಲೆ "ನಾವೀಗ ಪರ ಊರಿನವರು" ಅಂತ ನೋಟು ಕೊಡಲು ಬರುತ್ತಿದ್ದಿರಿ. ಅಪ್ಪನಿಗೆ ಸಿಟ್ಟು ಬರುತ್ತಿತ್ತು.

ಮೈಲಾರ ಜಾತ್ರೆ ಬಂತೆಂದರೆ ಮೂರು ದಿನ ನಿದ್ದೆ ಇಲ್ಲ. ಭಾರತ ಹುಣ್ಣಿಮೆ ಹೊತ್ತಿಗೆ ಹೊಳೆ ಇಳಿದಿರುತ್ತದೆ, ಚಕ್ಕಡಿಯವರು ತೆಳ್ಳಗೆ ಹರಿಯುವ ಕಡೆ ಎತ್ತು ಇಳಿಸಿ ಹಾಯ್ದು ಹೋಗುತ್ತಾರೆ. ಬುತ್ತಿ ಗಂಟು ತಲೆಯ ಮೇಲೆ, ಮಕ್ಕಳು ಹೆಗಲ ಮೇಲೆ. ಹೊಳೆ ತುಂಬ "ಏಳು ಕೋಟಿ ಏಳು ಕೋಟಿಗೋ". ಮುದುಕರು, ಬಾಣಂತಿಯರು, ಕರಿ ಕಂಬಳಿಯ ಗೊರವಪ್ಪಗಳು ನಮ್ಮ ಹರಿಗೋಲಿಗೆ. ಗೊರವಪ್ಪನ ಹತ್ತಿರ ಯಾರೂ ಏನೂ ಕೇಳುತ್ತಿರಲಿಲ್ಲ, ಭಂಡಾರ ಹಚ್ಚಿದರೆ ಸಾಕು. ವಾಪಸ್ ಬರುವಾಗ ಎಲ್ಲರ ಬಾಯಲ್ಲೂ ಕಾರಣಿಕದ, ಅಂದರೆ ಭವಿಷ್ಯವಾಣಿಯ, ಒಂದು ಸಾಲು. ಗೊರವಪ್ಪ ಬಿಲ್ಲು ಏರಿ "ಸದ್ದಲೇ" ಅಂದ ಮೇಲೆ ಹೇಳಿದ್ದು. ಆಚೆ ದಂಡೆಯಲ್ಲಿ ಹತ್ತಿದಾಗ ಅದರ ಅರ್ಥ ಮಳೆ ಬೆಳೆ, ಈಚೆ ದಂಡೆಯಲ್ಲಿ ಇಳಿಯುವಾಗ ಎಲೆಕ್ಷನ್ನು.

ಹೊಳೆಸಾಲು, ನಿಮ್ಮ ಮನೆ ಯಾವುದು ಅಂತ ನನಗೆ ಅಂದಾಜಾಗಿದೆ. ನಡು ಹೊಳೆಯಲ್ಲಿ ಎದ್ದು ನಿಂತು ಚಪ್ಪಲಿ ಕಳಕೊಂಡ ಹುಡುಗ ನೀನೇ ಅಲ್ಲೇನು?

ಹೊಳೆಸಾಲು (ಸೋಮವಾರ ಮಧ್ಯಾಹ್ನ)

ನಾನೇ ಕಾಕಾ! ಮೊಸಳೆ ಕಂಡೆ ಅಂತ ಎದ್ದು ನಿಂತಿದ್ದೆ. ನಿಮ್ಮಪ್ಪ ಹುಟ್ಟಿನ ಹಿಡಿಯಿಂದ ಬೆನ್ನಿಗೆ ಒಂದು ಕೊಟ್ಟು "ಕುಂದರಲೇ" ಅಂದಿದ್ದರು. ಅದು ಮೊಸಳೆ ಅಲ್ಲ, ಬಾಳೆ ದಿಂಡು. ಎರಡೂ ಚಪ್ಪಲಿ ಹೋದವು, ಹೊಸವು.

ರಾಣೆಬೆನ್ನೂರ ಗಾಳಿ (ಸೋಮವಾರ ಮಧ್ಯಾಹ್ನ)

ಇದೇ ಹೊಳೆಯಲ್ಲಿ ಕೆಳಗೆ ಆನೆಗೊಂದಿ ಹತ್ತಿರ 1520ರ ಸುಮಾರಿಗೆ ಹರಿಗೋಲು ನೋಡಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ, ಹೊರಗೆ ತೊಗಲು, 15-20 ಜನ ಕೂರಬಹುದು, ಸದಾ ತಿರುಗುತ್ತಲೇ ಹೋಗುತ್ತದೆ ಅಂತ. ಬಾರಕೇರ ಕಾಕಾ ಇವತ್ತು ಬರೆದದ್ದಕ್ಕೂ ಅದಕ್ಕೂ ಡಾಂಬರು ಒಂದೇ ವ್ಯತ್ಯಾಸ.

ನೀರ್ಗಂಟಿ (ಸೋಮವಾರ ರಾತ್ರಿ)

ಭೂಗೋಳದ ಮಾತು ಯಾರೂ ಆಡಲಿಲ್ಲ, ನಾನು ಆಡುತ್ತೇನೆ.

ತುಂಗಾ, ಭದ್ರಾ ಕೂಡುವುದು ಶಿವಮೊಗ್ಗದ ಕೂಡಲಿಯಲ್ಲಿ. ಹರಿಹರ ದಾಟಿದ ಮೇಲೆ ಹೊಳೆ ಬಹುಪಾಲು ಉತ್ತರಕ್ಕೆ ಹೊರಳುತ್ತದೆ. ಅದಕ್ಕೇ ನಮ್ಮ ದಂಡೆಯವರಿಗೆ ಸೂರ್ಯ ಹುಟ್ಟುವುದು ಆಚೆ ಊರಿನ ಹಿಂದೆ. ನಮ್ಮ ಈ ಊರುಗಳು ಎರಡು ಕೂಡಲಗಳ ನಡುವೆ ಸಿಕ್ಕಿಕೊಂಡಿವೆ. ಮೇಲೆ ಮುದೇನೂರಿನ ಹತ್ತಿರ ಕುಮುದ್ವತಿ ಬಂದು ಸೇರುತ್ತದೆ, ಹುಂಚದ ಕಡೆಯಿಂದ ಶಿಕಾರಿಪುರ, ರಟ್ಟೀಹಳ್ಳಿ ದಾಟಿ ಬಂದದ್ದು. ಕೆಳಗೆ ಗಳಗನಾಥದಲ್ಲಿ ವರದಾ ಸೇರುತ್ತದೆ, ಸಾಗರದ ವರದಾಮೂಲದಲ್ಲಿ ಹುಟ್ಟಿ ಬನವಾಸಿ ದಾಟಿ ಬಂದದ್ದು. ಆಷಾಢದಲ್ಲಿ ಗಳಗನಾಥದ ಗುಡಿಯ ಹಿಂದೆ ನಿಂತರೆ ಎರಡು ನೀರು ಒಂದೇ ಬಣ್ಣ ಇರುವುದಿಲ್ಲ, ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹೋಗಿ ಆಮೇಲೆ ಬೆರೆಯುತ್ತವೆ. ಗುಡಿಯೂ ವಿಚಿತ್ರ. ಬುಡ ಅಗಲ, ಮೇಲೆ ಹೋದಂತೆ ಸಪೂರ, ಗೋಡೆಗೆ ಒತ್ತು ಕೊಟ್ಟು ಗುಡ್ಡ ಕೂರಿಸಿದ ಹಾಗೆ. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿ ಅವರು ಗಳಗನಾಥ ಅಂತ ಹೆಸರಿಟ್ಟುಕೊಂಡದ್ದು ಇದೇ ಊರಿನದು.

ನಮ್ಮ ಹೊಳೆಯ ಸ್ವಭಾವ ಏನೆಂದರೆ, ಅದಕ್ಕೂ ನಮ್ಮ ಮಳೆಗೂ ಸಂಬಂಧ ಕಡಿಮೆ. ನಮ್ಮಲ್ಲಿ ಮೋಡ ನೋಡುತ್ತ ಗೋವಿನಜೋಳ ಬಾಡುತ್ತಿರುತ್ತದೆ, ಹೊಳೆ ಮಾತ್ರ ಕೆಂಪಗೆ ತುಂಬಿ ಹೋಗುತ್ತಿರುತ್ತದೆ. ಅದು ಶೃಂಗೇರಿ, ಆಗುಂಬೆ ಕಡೆಯ ಮಳೆ. ಹಳಬರು ನೀರಿನ ಬಣ್ಣ, ತೇಲಿ ಬರುವ ಕಸ ನೋಡಿ ಹೇಳುತ್ತಿದ್ದರು. ಈಗ ತುಂಗೆಯ ಗಾಜನೂರು ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ಭದ್ರಾ ಅಣೆಕಟ್ಟಿನ 186 ಅಡಿ ತುಂಬಿತೋ ಇಲ್ಲವೋ ಅಂತ ಮೊಬೈಲ್ ನೋಡುತ್ತೇವೆ.

ವರದೆಯ ಕಡೆಯವರ ಕಷ್ಟ ಬೇರೆ. ವರದಾ ಬರುವುದು ಚಪ್ಪಟೆ ನೆಲದ ಮೇಲೆ, ನಿಧಾನ. ಕೆಳಗೆ ತುಂಗಭದ್ರೆ ತುಂಬಿ ನಿಂತಿದ್ದರೆ ವರದೆಗೆ ಹೋಗಲು ಜಾಗ ಇಲ್ಲ, ನೀರು ಹಿಂದಕ್ಕೆ ಒತ್ತಿ ಹೊಲಗಳಿಗೆ ಹರಡುತ್ತದೆ. 2019ರ ಆಗಸ್ಟಿನಲ್ಲಿ ಏನಾಯಿತು ಅಂತ ಕಂಡವರಿಗೆ ಹೇಳಬೇಕಿಲ್ಲ.

ನರಗುಂದ ಕಡೆಯವ (ಸೋಮವಾರ ರಾತ್ರಿ)

ನಮ್ಮ ಮಲಪ್ರಭೆ ಪೂರಾ ಬೇರೆ ರೀ. ವರ್ಷದಲ್ಲಿ ಬಹಳ ತಿಂಗಳು ಹೊಳೆಯಲ್ಲಿ ಜಾಲಿ ಬೆಳೆದಿರುತ್ತದೆ. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರು ಅಂದರೆ, ಅದರ ಜೊತೆ ಬೆಣ್ಣಿಹಳ್ಳವೂ ಸೊಕ್ಕಿದರೆ, ಲಖಮಾಪುರ ಎರಡು ದಿನದಲ್ಲಿ ನಡುಗಡ್ಡೆ. ನಮ್ಮಲ್ಲಿ ಅಂಬಿಗ ಇಲ್ಲ, ಅಗ್ನಿಶಾಮಕದವರ ರಬ್ಬರ್ ಬೋಟು.

ಮುಂಡರಗಿ ಮಗಳು (ಮಂಗಳವಾರ ಬೆಳಿಗ್ಗೆ)

ನಿಮ್ಮ ಊರು ಇನ್ನೂ ಅಲ್ಲೇ ಇದೆಯಲ್ಲ, ಪುಣ್ಯ. ಇದೇ ಹೊಳೆಯ ಗುಂಟ ಕೆಳಗೆ ಬನ್ನಿ. ಹಮ್ಮಿಗಿಯಲ್ಲಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇದೆ. ಅದರ ಹಿನ್ನೀರಿಗೆ ನಮ್ಮ ಮುಂಡರಗಿ ತಾಲೂಕಿನ ಬಿದರಹಳ್ಳಿ, ಗುಮ್ಮಗೋಳ, ವಿಠಲಾಪುರದಂಥ ಊರುಗಳು ಏಳಬೇಕಾಯಿತು.

ನನ್ನ ತವರು ಅಂಥದ್ದೇ ಒಂದು. ಹೊಸ ಊರು ಎತ್ತರದಲ್ಲಿದೆ, ಓಣಿಗಳು ಗೆರೆ ಎಳೆದ ಹಾಗೆ ನೆಟ್ಟಗಿವೆ. ನಮ್ಮಮ್ಮ ಅಲ್ಲಿಗೆ ಬಂದ ಮೊದಲ ವರ್ಷ ದಾರಿ ತಪ್ಪುತ್ತಿದ್ದಳು. ಹಳೇ ಊರಿನಲ್ಲಿ ಇಳಿಜಾರು ಅಂದರೆ ಹೊಳೆ ಕಡೆ, ಏರು ಅಂದರೆ ಹೊಲದ ಕಡೆ. ಕಣ್ಣು ಮುಚ್ಚಿದರೂ ಕಾಲಿಗೆ ಗೊತ್ತಾಗುತ್ತಿತ್ತು. ಇಲ್ಲಿ ಎಲ್ಲ ಸಪಾಟು. ಬಾಗಿಲ ಮೇಲಿನ ನಂಬರ್ ಓದಲು ಅವಳಿಗೆ ಬರುವುದಿಲ್ಲ. ಕೊನೆಗೆ ನಮ್ಮಣ್ಣ ಮನೆ ಮುಂದೆ ಒಂದು ಹಳೇ ಒರಳುಕಲ್ಲು ತಂದಿಟ್ಟ, ಹಳೇ ಮನೆಯದು. ಅದನ್ನು ನೋಡಿ ಒಳಗೆ ಬರುತ್ತಿದ್ದಳು.

ಪರಿಹಾರದ ಕಾಗದಕ್ಕೆ ಎಷ್ಟು ಸಲ ಓಡಾಡಿದೆವು ಅನ್ನುವುದು ಬೇಡ, ಬರೆಯಲು ಕೂತರೆ ಇದು ಬೇರೆಯೇ ವಿಷಯ ಆಗುತ್ತದೆ. ಒಂದು ಮಾತ್ರ ಹೇಳುತ್ತೇನೆ. ಮನೆಗೆ ಬೆಲೆ ಕಟ್ಟಿದರು, ಹೊಲಕ್ಕೆ ಕಟ್ಟಿದರು, ಗಿಡಕ್ಕೂ ಕಟ್ಟಿದರು. ಹೊಳೆ ಇಳಿದ ಮೇಲೆ ದಂಡೆಯ ಮೆಕ್ಕಲಿನಲ್ಲಿ ಸೌತೆ, ಬದನೆ ಬೆಳೆಯುತ್ತಿದ್ದೆವಲ್ಲ, ಅದು ಯಾರ ಉತಾರದಲ್ಲೂ ಇರಲಿಲ್ಲ. ನಮ್ಮ ಅಮ್ಮನ ಕೈಖರ್ಚೆಲ್ಲ ಅದರಿಂದಲೇ ನಡೆಯುತ್ತಿತ್ತು.

ದಂಡೆ ಹೊಲ (ಮಂಗಳವಾರ ಸಂಜೆ)

ಎಲ್ಲರೂ ಹಳೇ ಕಥೆ ಹೇಳುತ್ತಿದ್ದೀರಿ. ಈಗಿನದು ಯಾರು ಹೇಳುತ್ತಾರೆ? ಮರಳು! ಮಾಸ್ತರ್ ಕೇಳಿದ ಮಡು ಎಲ್ಲಿ ಹೋಯಿತು ಅಂದರೆ ಉತ್ತರ ಅದೇ. ಒಂದು ಕಡೆ ತೋಡಿ ಗುಂಡಿ ಮಾಡಿದ್ದಾರೆ, ಇನ್ನೊಂದು ಕಡೆ ಹೂಳು ತುಂಬಿದೆ. ಮರಳು ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದು ಹೋದ ಮೇಲೆ ದಂಡೆಯ ಬಾವಿ ಚೈತ್ರಕ್ಕೇ ತಳ ಕಾಣುತ್ತದೆ. ನಮ್ಮ ಹೊಲದ ಅಂಚು ಎರಡು ಮಳೆಗಾಲದಲ್ಲಿ ಒಂದು ಚಕ್ಕಡಿ ಅಗಲ ಕುಸಿಯಿತು. ಹೇಳಿದರೆ ಕೇಳುವವರಿಲ್ಲ.

ರಾಣೆಬೆನ್ನೂರ ಗಾಳಿ (ಮಂಗಳವಾರ ಸಂಜೆ)

ನಿಮ್ಮ ಹೊಸ ಮನೆಯ ಸ್ಲ್ಯಾಬಿಗೆ ಮರಳು ಎಲ್ಲಿಂದ ಬಂತು ಅಣ್ಣಾ?

ದಂಡೆ ಹೊಲ (ಮಂಗಳವಾರ ಸಂಜೆ)

ಅದೂ ಹೊಳೆಯದೇ. ಸುಳ್ಳು ಯಾಕೆ ಹೇಳಲಿ.

ಪಂಚಮಿ ಅಕ್ಕ (ಬುಧವಾರ ಮಧ್ಯಾಹ್ನ)

ಗಂಡಸರೇ ಬರೆಯುತ್ತಿದ್ದೀರಿ, ನಾನೊಂದು ಹೇಳಲಾ? ನನ್ನ ತವರು ಆಚೆ ದಂಡೆ, ಗಂಡನ ಮನೆ ಈಚೆ ದಂಡೆ. ಅಲ್ಲಿ ಒಲೆ ಹಚ್ಚಿದರೆ ಹೊಗೆ ಇಲ್ಲಿಗೆ ಕಾಣುತ್ತಿತ್ತು. ಹತ್ತಿರ ಅಂತ ನೋಡಿಯೇ ಕೊಟ್ಟಿದ್ದರು.

ಆದರೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಯಾವಾಗ? ನಾಗರ ಪಂಚಮಿಗೆ. ಶ್ರಾವಣ. ಹೊಳೆ ಭರ್ತಿ ಇರುವ ಹೊತ್ತೇ ಅದು! ಮದುವೆಯಾದ ಮೊದಲ ಪಂಚಮಿ. ಕರೆಯಲು ನಮ್ಮಣ್ಣ ಬರಬೇಕಿತ್ತು. ನಾನು ಬೆಳಿಗ್ಗೆಯೇ ಸೀರೆ ಉಟ್ಟು, ಚೀಲ ಹಿಡಿದು ಮೆಟ್ಟಿಲ ಮೇಲೆ ಕೂತೆ. ಆಚೆ ದಂಡೆಯಲ್ಲಿ ಅಣ್ಣ ಬಂದು ನಿಂತ, ಬಿಳಿ ಅಂಗಿ, ಕೈಯಲ್ಲಿ ಉಂಡಿಯ ಡಬ್ಬಿ. ಬಾರಕೇರ ಅಜ್ಜ ನೀರಿಗೆ ಒಂದು ಕಡ್ಡಿ ಬಿಸಾಕಿ ಅದು ಹೋಗುವ ಓಟ ನೋಡಿದರು. ಇನ್ನೊಂದು ಬಿಸಾಕಿದರು. "ಇವತ್ತು ಆಗೂದಿಲ್ಲವ್ವ" ಅಂದರು. ನಮ್ಮ ಮಾವನವರು ಊರಿಗೆ ದೊಡ್ಡ ಗೌಡರು, ಅವರು ಹೇಳಿದರೂ ಅಜ್ಜ ಹುಟ್ಟು ಮುಟ್ಟಲಿಲ್ಲ. ಅಲ್ಲಿ ಅಜ್ಜನ ಮಾತೇ ಕೊನೆ.

ಅಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಬೀಸಿದ. ನಾನು ಸೆರಗು ಬೀಸಿದೆ. ಅವನು ಏನೋ ಕೂಗಿದ, ನೀರಿನ ಸಪ್ಪಳಕ್ಕೆ ಕೇಳಲಿಲ್ಲ. ಮಧ್ಯಾಹ್ನದ ತನಕ ಇಬ್ಬರೂ ಹಾಗೇ ಎದುರುಬದುರು ಕೂತಿದ್ದೆವು. ಉಂಡಿ ನಾಲ್ಕು ದಿನ ಬಿಟ್ಟು ಬಂತು, ಜೋಕಾಲಿ ಬಿಚ್ಚಿದ ಮೇಲೆ.

ಈಗ ಸೇತುವೆ ಇದೆ, ಮಗನ ಕಾರಿದೆ, ಯಾವಾಗ ಬೇಕಾದರೂ ಹೋಗಬಹುದು. ಎರಡು ವರ್ಷವಾಯಿತು ಹೋಗಿ.

ಬಾರಕೇರ ಓಣಿ (ಬುಧವಾರ ರಾತ್ರಿ)

ಅಕ್ಕಾ, ಆ ಅಜ್ಜ ನಮ್ಮ ಮುತ್ಯಾ. ಕಡ್ಡಿ ಬಿಸಾಕಿ ಕಾಲಿನಿಂದ ತಾಳ ಹಾಕಿ ಎಣಿಸುತ್ತಿದ್ದ. ಎಷ್ಟರ ಒಳಗೆ ಅದು ಹುಣಸೆ ಗಿಡ ದಾಟಿದರೆ ಹರಿಗೋಲು ಬಿಡಬಾರದು ಅಂತ ಅವನಿಗೊಂದು ಲೆಕ್ಕ ಇತ್ತು. ನನಗೆ ಕಲಿಸುವ ಮೊದಲೇ ಹೋದ.

ಹೊಳೆಸಾಲು (ಗುರುವಾರ ಬೆಳಿಗ್ಗೆ)

ಇದನ್ನೆಲ್ಲ ಫೋನಿನಲ್ಲಿ ಅತ್ತೆಗೆ ಓದಿ ಹೇಳಿದೆ. ಗುಂಟೆ ಸೆಂಟ್ಸಿಗೆ ನಕ್ಕರು. ಪಂಚಮಿ ಅಕ್ಕ ಬರೆದದ್ದಕ್ಕೆ ಮಾತಾಡಲಿಲ್ಲ. ಆಮೇಲೆ "ಆ ಹುಡುಗಿ ಯಾರ ಪೈಕಿ ಕೇಳು" ಅಂದರು. ಅಕ್ಕಾ, ಬೇಕಿದ್ದರೆ ವೈಯಕ್ತಿಕ ಸಂದೇಶ ಕಳಿಸಿ, ಇಲ್ಲಿ ಬೇಡ.

ಬಾರಕೇರ ಕಾಕಾ, ನಿಮ್ಮ ಓಣಿಯಲ್ಲಿ ಹರಿಗೋಲು ಒಂದಾದರೂ ಉಳಿದಿದೆಯಾ? ಮಗಳಿಗೆ ಒಮ್ಮೆ ಆಚೆ ದಂಡೆ ಮುಟ್ಟಿಸಬೇಕು, ರಸ್ತೆಯಿಂದ ಅಲ್ಲ.

ಬಾರಕೇರ ಓಣಿ (ಗುರುವಾರ ರಾತ್ರಿ)

ಬಿದಿರಿನದು ಇಲ್ಲ. ಮೀನು ಹಿಡಿಯಲು ತಮ್ಮ ಒಂದು ಫೈಬರಿನದು ತಂದಿದ್ದಾನೆ. ಈಗ ನೀರು ಜಾಸ್ತಿ ಇದೆ, ದೀಪಾವಳಿ ಕಳೆಯಲಿ. ಲೈಫ್ ಜಾಕೆಟ್ ನೀನೇ ತರಬೇಕು, ಹುಡುಗಿಗೂ ನಿನಗೂ. ಅತ್ತೆಗೆ ನಡೆಯಲು ಆಗುವ ಹಾಗಿದ್ದರೆ ಮೆಟ್ಟಿಲ ತನಕ ಬಂದು ಕೂರಲಿ ಅಂತ ಹೇಳು. ದುಡ್ಡಿನ ಮಾತು ಎತ್ತಬೇಡ, ಸುಗ್ಗಿಗೆ ಜೋಳ ಕಳಿಸು. ಮತ್ತೆ ಚಪ್ಪಲಿ ಈಚೆ ದಂಡೆಯಲ್ಲೇ ಬಿಟ್ಟು ಹತ್ತು.